ಮುಸುರೆ ಕಟ್ಟೆಯ ಇಂಗ್ಲಿಷ್

ನನ್ನ ಬಳಿ ಇಂಗ್ಲಿಷ್ ಕಲಿಯಲು ಬರುವವರು ಮೊದಲು ಸೆರಗು ಸಿಕ್ಕಿಸಿಕೊಳ್ಳಬೇಕು, ಇಲ್ಲವೇ ಅಂಗಿಯ ತೋಳು ಮಡಚಬೇಕು. ಪಾಠ ನಡೆಯುವುದು ಹಿತ್ತಿಲಿನಲ್ಲಿ ಪಾತ್ರೆ ತೊಳೆಯುವ ಮುಸುರೆ ಕಟ್ಟೆಯಲ್ಲಿ, ಪಾತ್ರೆ ತೊಳೆಯುತ್ತಲೇ. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿಕೊಂಡರೆ ಸಿಗುವ ಊರು. ಗುಡ್ಡದ ಅಬ್ಬಿಯಿಂದ, ಅಂದರೆ ಝರಿಯಿಂದ, ಪೈಪಿನಲ್ಲಿ ಇಳಿದು ಬರುವ ನೀರನ್ನು ನಿಲ್ಲಿಸುವ ರೂಢಿ ಇಲ್ಲಿಲ್ಲ. ಹಗಲೂ ರಾತ್ರಿ ಕಟ್ಟೆಯ ಮೇಲೆ ಸುರಿದು ತೋಟಕ್ಕೆ ಹೋಗುತ್ತದೆ. ಸದ್ಯ ನನಗಿರುವ ವಿದ್ಯಾರ್ಥಿಗಳು ಇಬ್ಬರು: ಶಿವಮೊಗ್ಗದಲ್ಲಿ ಕೆಲಸ ಹಿಡಿಯಬೇಕೆಂದಿರುವ ಪಕ್ಕದ ಮನೆಯ ಸೊಸೆ, ಅಡಿಕೆ ಮರ ಹತ್ತಿ ಗೊನೆ ಇಳಿಸುವ ಕೊನೆಗಾರನ ಎಂಟನೆಯ ತರಗತಿಯ ಮಗ. ಮೂರನೆಯವರು ನನ್ನ ಅತ್ತೆ. ಅವರನ್ನು ಯಾರೂ ಸೇರಿಸಿಕೊಂಡಿಲ್ಲ. ಬಚ್ಚಲೊಲೆಯ ಮುಂದೆ ಕುಳಿತು ಕೇಳುತ್ತಾರೆ, ಉಳಿದವರ ತಪ್ಪು ಹಿಡಿಯುತ್ತಾರೆ.

ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007ರಲ್ಲಿ. ಅದಕ್ಕೂ ಮುಂಚಿನ ನಾವೆಲ್ಲ ಐದನೆಯ ತರಗತಿಯಲ್ಲಿ ಎಬಿಸಿಡಿ ತಿದ್ದಿದವರು. ಈ ಹುಡುಗ ಒಂದರಿಂದಲೇ ಓದಿಕೊಂಡು ಬಂದಿದ್ದಾನೆ, ಪ್ರಶ್ನೋತ್ತರಗಳನ್ನು ಗಡಗಡನೆ ಒಪ್ಪಿಸುತ್ತಾನೆ. ಆದರೆ "ನೀರು ಬರುತ್ತಿಲ್ಲ" ಎಂಬುದನ್ನು ಇಂಗ್ಲಿಷಿನಲ್ಲಿ ಹೇಳು ಎಂದರೆ ನನ್ನ ಮುಖ ನೋಡುತ್ತಾನೆ. ಅವನು ಓದಿದ್ದು ಸುಳ್ಳಲ್ಲ. ಆ ಓದಿಗೆ ಇನ್ನೂ ಕೈಕಾಲು ಬಂದಿಲ್ಲ, ಅಷ್ಟೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾಂಸ್ವಾ ಗ್ವಾಂ ಎಂಬ ಫ್ರೆಂಚ್ ಮೇಷ್ಟ್ರಿಗೂ ಇದೇ ಫಜೀತಿಯಾಗಿತ್ತು. ಜರ್ಮನ್ ಕಲಿಯಲೆಂದು ಹ್ಯಾಂಬರ್ಗಿಗೆ ಹೋಗಿ ವ್ಯಾಕರಣವನ್ನು ಬಾಯಿಪಾಠ ಮಾಡಿದ, ನಿಘಂಟನ್ನೂ ಉರು ಹೊಡೆದ. ಎದುರಿನವರು ಬಾಯಿ ತೆರೆದರೆ ಮಾತ್ರ ಏನೂ ತಿಳಿಯುತ್ತಿರಲಿಲ್ಲ. ಊರಿಗೆ ಮರಳಿ ನೋಡಿದರೆ ಮನೆಯ ಪುಟ್ಟ ಹುಡುಗ ಅಷ್ಟರಲ್ಲಿ ಮಾತು ಕಲಿತುಬಿಟ್ಟಿದ್ದ. ಹಿಟ್ಟಿನ ಗಿರಣಿ ನೋಡಿಬಂದ ಆ ಮಗು, ಚೀಲ ತುಂಬುವುದು, ಹೊರುವುದು, ಸುರಿಯುವುದು ಎಲ್ಲವನ್ನೂ ಆಟವಾಗಿ ಮಾಡುತ್ತ, ಮಾಡಿದ್ದನ್ನು ಬಾಯಲ್ಲಿ ಹೇಳಿಕೊಳ್ಳುತ್ತಿತ್ತು. ಗ್ವಾಂ ಅದನ್ನೇ ಪದ್ಧತಿ ಮಾಡಿದ: ಒಂದು ಕೆಲಸವನ್ನು ಬಿಡಿ ಬಿಡಿಯಾಗಿ ಬಿಡಿಸು, ಒಂದೊಂದಕ್ಕೆ ಒಂದು ವಾಕ್ಯ ಕೊಡು. ಮುಂದೆ 1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ ಇನ್ನೊಂದು ಮಾತು ಸೇರಿಸಿದ: ಕಲಿಯುವವನು ಕೇಳಿದ್ದನ್ನು ಮೈಯಿಂದ ಮಾಡಿ ತೋರಿಸಲಿ, ಮಾತಾಡು ಎಂದು ಅವಸರಪಡಿಸಬೇಡಿ. ಟೋಟಲ್ ಫಿಸಿಕಲ್ ರೆಸ್ಪಾನ್ಸ್ ಎಂಬ ಹೆಸರಿನಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಈ ಇಬ್ಬರ ಮಾತನ್ನೂ ಒಟ್ಟಿಗೆ ನಡೆಸಲು ದಿನಕ್ಕೆ ಮೂರು ಹೊತ್ತು ತಪ್ಪದೆ ಬರುವ ಕೆಲಸ ಬೇಕು. ನಮ್ಮ ಮನೆಗಳಲ್ಲಿ ಅಂಥದ್ದು ಯಾವುದು ಎಂದು ಹೇಳಬೇಕಾಗಿಲ್ಲ.

ಆರಂಭ ಹೀಗೆ. ಮೊದಲ ಕೆಲವು ಪಾಠಗಳಲ್ಲಿ ಕಲಿಯುವವರು ಬಾಯಿ ಬಿಡುವ ಹಾಗಿಲ್ಲ. ನೀವು ಒಂದು ಲೋಟ ತೆಗೆದುಕೊಂಡು, ಮಾಡುತ್ತ ಹೇಳಿ: "ಟೇಕ್ ದ ಕಪ್. ಸ್ಕ್ರಬ್ ದ ಕಪ್. ರಿನ್ಸ್ ದ ಕಪ್. ಪುಟ್ ದ ಕಪ್ ಇನ್ ದ ಬಾಸ್ಕೆಟ್." ಅವರು ಸುಮ್ಮನೆ ನೋಡಲಿ. ಮುಂದಿನ ಲೋಟಕ್ಕೆ ನೀವು ಹೇಳಿ, ಇಬ್ಬರೂ ಒಟ್ಟಿಗೆ ಮಾಡಿ. ಆಮೇಲೆ ನೀವು ಹೇಳುವುದು, ಅವರು ಮಾಡುವುದು. ಇಲ್ಲಿ ಒಂದು ಎಚ್ಚರ: ನಿಮ್ಮ ಕೈ, ಕಣ್ಣು, ಗಲ್ಲ ಯಾವುದೂ ಬುಟ್ಟಿಯ ಕಡೆಗೆ ತಿರುಗಬಾರದು. ತಿರುಗಿದರೆ ಅವರು ಓದುವುದು ನಿಮ್ಮ ಗಲ್ಲವನ್ನು. ಕೊನೆಗೆ ಕ್ರಮ ತಪ್ಪಿಸಿ, ನಡುವೆ ಒಂದು ಹುಚ್ಚು ಆಜ್ಞೆ ಎಸೆಯಿರಿ. ನಾನು "ಪುಟ್ ದ ಚೆಂಬು ಆನ್ ಯುವರ್ ಹೆಡ್" ಎಂದಾಗ ಹುಡುಗ ಒಂದು ಗಳಿಗೆ ತಡೆದು, ಚೆಂಬನ್ನು ಮಗುಚಿ ಟೋಪಿ ಹಾಕಿಕೊಂಡ. ಒಳಗಿದ್ದ ನೀರು ಕುತ್ತಿಗೆಗೆ ಇಳಿಯಿತು. ಅರ್ಥವಾಯಿತೇ ಎಂದು ನಾನು ಕೇಳಲಿಲ್ಲ.

ಮಲೆನಾಡಿನ ಅಡಿಗೆಮನೆಯಲ್ಲಿ ಹೊಸಬರು ಸಿಕ್ಕಿಬೀಳುವ ಜಾಗ ಪಾತ್ರೆಗಳ ಹೆಸರು. ತಪ್ಪಲೆಗೆ ಏನು, ಕಾವಲಿಗೆ ಏನು, ಒಗ್ಗರಣೆ ಸೌಟಿಗೆ ಏನು ಎಂದು ಮೊಬೈಲ್ ಹಿಡಿದು ಕುಳಿತರೆ ಪಾತ್ರೆಯೂ ಮುಗಿಯುವುದಿಲ್ಲ, ಪಾಠವೂ ಮುಗಿಯುವುದಿಲ್ಲ. ನನ್ನ ನಿಯಮ ಸರಳ: ಹೆಸರು ಕನ್ನಡದಲ್ಲೇ ಇರಲಿ, ಕ್ರಿಯೆ ಇಂಗ್ಲಿಷಿನಲ್ಲಿ ಬರಲಿ. "ಸ್ಕ್ರಬ್ ದ ಬಾಣಲೆ" ಒಳ್ಳೆಯ ವಾಕ್ಯ. ಶುದ್ಧ ಇಂಗ್ಲಿಷ್ ಬೇಕೆನ್ನುವವರು ಮೂಗು ಮುರಿಯಬಹುದು, ಮುರಿಯಲಿ. ಹತ್ತು ಹನ್ನೆರಡು ಕ್ರಿಯಾಪದ ಕೈಗೆ ಹತ್ತಿದವನಿಗೆ ಹೆಸರುಗಳನ್ನು ಆಮೇಲೆ ಒಂದೊಂದಾಗಿ ಸೇರಿಸಬಹುದು. ಹೆಸರುಗಳ ಪಟ್ಟಿ ಮಾತ್ರ ಉರು ಹೊಡೆದವನು ಒಂದು ವಾಕ್ಯವನ್ನೂ ಎಬ್ಬಿಸಲಾರ.

ಹೋಲುವ ಪದಗಳನ್ನು ಒಂದೇ ದಿನ ಕಲಿಸಬೇಡಿ. ಒಂದೇ ಗುಂಪಿನ ಪದಗಳನ್ನು ಒಟ್ಟಿಗೆ ಕೊಟ್ಟರೆ ಒಂದಕ್ಕೊಂದು ತೊಡರಿಕೊಳ್ಳುತ್ತವೆ ಎಂಬುದನ್ನು ಪದಕಲಿಕೆಯ ಸಂಶೋಧಕರೂ ಗುರುತಿಸಿದ್ದಾರೆ. ಮುಸುರೆ ಕಟ್ಟೆಯಲ್ಲಿ ಇದಕ್ಕೆ ಸಾಕ್ಷಿ ಸೋಪ್ ಮತ್ತು ಸೋಕ್. ಎರಡೂ ನೀರಿನವು, ಎರಡೂ ನೊರೆಯ ಅಕ್ಕಪಕ್ಕದವು, ಕಿವಿಗೂ ಒಂದೇ. ಸೋಪ್ ಮೊದಲು ಬರಲಿ. ಸೋಕ್ ಕಲಿಸಲು ಅನ್ನ ತಳ ಹಿಡಿಯುವ ದಿನದವರೆಗೆ ಕಾಯಿರಿ. ಅದಕ್ಕೆ ಬಹಳ ಕಾಯಬೇಕಾಗುವುದಿಲ್ಲ. ಸೀದ ತಪ್ಪಲೆಗೆ ನೀರು ತುಂಬಿ, ಬದಿಗೆ ಸರಿಸಿ, "ಲೆಟ್ ಇಟ್ ಸೋಕ್" ಎಂದು ಹೇಳಿ ಎದ್ದು ಹೋಗಿಬಿಡಿ. ಕೆಲಸವೇ ಇಲ್ಲದ ಕ್ರಿಯಾಪದ ಅದು, ಯಾರಿಗೂ ಮರೆಯುವುದಿಲ್ಲ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಇಂಗ್ಲಿಷ್ ಕಾಲಗಳನ್ನು ಹಲಗೆಯ ಮೇಲೆ ಕೋಷ್ಟಕ ಹಾಕಿ ಕಲಿಸಿದಾಗ ನಿದ್ದೆ ಬರದವರನ್ನು ನಾನು ನೋಡಿಲ್ಲ. ಮುಸುರೆ ಕಟ್ಟೆಯಲ್ಲಿ ಕಾಲಗಳಿಗೆ ಜಾಗವಿದೆ. ಎಡಗಡೆ ಮುಸುರೆ ರಾಶಿ, ನಡುವೆ ಕೈ, ಬಲಗಡೆ ಬಿದಿರಿನ ಬುಟ್ಟಿ. ಎಡಗಡೆಯ ತಟ್ಟೆಗೆ ಬೆರಳು ತೋರಿಸಿ: "ಐ ಆ್ಯಮ್ ಗೋಯಿಂಗ್ ಟು ವಾಶ್ ಇಟ್." ಅದನ್ನು ಕೈಗೆತ್ತಿಕೊಂಡು, ನಾರು ಆಡುತ್ತಿರುವಾಗ: "ಐ ಆ್ಯಮ್ ವಾಶಿಂಗ್ ಇಟ್." ಬುಟ್ಟಿಗೆ ಹಾಕಿ ಕೈ ತೆಗೆದ ಮೇಲೆ: "ಐ ಹ್ಯಾವ್ ವಾಶ್ಡ್ ಇಟ್." ಕೈ ಖಾಲಿ ಇರುವಾಗ ವಾಶಿಂಗ್ ಎನ್ನುವ ಹಾಗಿಲ್ಲ, ತಟ್ಟೆ ಬುಟ್ಟಿ ಸೇರುವ ಮುಂಚೆ ಹ್ಯಾವ್ ಎನ್ನುವ ಹಾಗಿಲ್ಲ. ಒಂದೇ ತಟ್ಟೆ ಮೂರು ಜಾಗ ದಾಟುವಾಗ ಮೂರು ವಾಕ್ಯ ಹೇಳಿಸಿ. ಅವಸರ ಬೇಡ, ನೀರು ಹೇಗೂ ಹರಿಯುತ್ತಿದೆ.

ಹ್ಯಾವ್ ನಮಗೆ ಅಷ್ಟು ಕಷ್ಟವಾಗಬೇಕಾಗಿಲ್ಲ. ತೊಳೆದೆ ಬೇರೆ, ತೊಳೆದಿದ್ದೇನೆ ಬೇರೆ ಎಂಬುದು ಕನ್ನಡದ ಮಗುವಿಗೂ ಗೊತ್ತು. ತೊಡಕು ಬರುವುದು ಇನ್ನೊಂದು ಕಡೆ. ನಾವು "ನಿನ್ನೆಯೇ ತೊಳೆದಿದ್ದೇನೆ" ಎಂದು ಧಾರಾಳವಾಗಿ ಹೇಳುತ್ತೇವೆ, ಕನ್ನಡಕ್ಕೆ ಅದು ಸಲ್ಲುತ್ತದೆ. ಅದನ್ನೇ ಇಂಗ್ಲಿಷಿಗೆ ಹೊತ್ತೊಯ್ದು "ಐ ಹ್ಯಾವ್ ವಾಶ್ಡ್ ಇಟ್ ಯೆಸ್ಟರ್‌ಡೇ" ಎನ್ನುತ್ತೇವೆ. ಇಂಗ್ಲಿಷ್ ಅದನ್ನು ಒಪ್ಪುವುದಿಲ್ಲ. ಸಂದರ್ಶನಗಳಲ್ಲಿ ನಮ್ಮವರ ಬಾಯಿಂದ ಹೆಚ್ಚಾಗಿ ಬೀಳುವ ತಪ್ಪುಗಳಲ್ಲಿ ಇದೊಂದು. ಇದಕ್ಕೆ ನಾಲ್ಕನೆಯ ಜಾಗ ಬೇಕು, ಅದು ಅಡಿಗೆಮನೆಯ ನಾಗೊಂದಿಗೆ, ಪಾತ್ರೆ ಇಡುವ ಗೋಡೆಯ ಹಲಗೆ. ನಿನ್ನೆ ರಾತ್ರಿಯ ಪಾತ್ರೆ ಈಗ ಬುಟ್ಟಿಯಲ್ಲಿಲ್ಲ, ಒಣಗಿ ನಾಗೊಂದಿಗೆ ಏರಿದೆ. ಬುಟ್ಟಿಯಲ್ಲಿ ಇರುವುದಕ್ಕೆ ಹ್ಯಾವ್ ಉಂಟು. ನಾಗೊಂದಿಗೆ ಏರಿದ್ದಕ್ಕೆ ಹ್ಯಾವ್ ಇಲ್ಲ, "ಐ ವಾಶ್ಡ್ ಇಟ್ ಯೆಸ್ಟರ್‌ಡೇ" ಅಷ್ಟೆ. ವ್ಯಾಕರಣದ ಪೂರ್ತಿ ಕತೆ ಇದಲ್ಲ, ಆರಂಭಕ್ಕೆ ಧಾರಾಳ ಸಾಕು. ಪಕ್ಕದ ಮನೆಯ ಸೊಸೆ ಈಗ ನಿನ್ನೆಯ ಮಾತು ಬಂದರೆ ತನಗೇ ತಿಳಿಯದೆ ಕತ್ತು ಎತ್ತಿ ಒಮ್ಮೆ ಒಳಗೆ ನೋಡುತ್ತಾಳೆ, ಆಮೇಲೆ ಸರಿಯಾದ ವಾಕ್ಯ ಹೇಳುತ್ತಾಳೆ.

ದಿನವೂ ಮಾಡುವ ಕೆಲಸಕ್ಕೆ ಜಾಗವಿಲ್ಲ, ಅದಕ್ಕೆ ಇಡೀ ಕಟ್ಟೆಯನ್ನು ನೋಡಿ ಹೇಳಬೇಕು: "ಐ ವಾಶ್ ಡಿಶಸ್ ಎವೆರಿ ಡೇ." ಇಲ್ಲಿಯೂ ವಾಶಿಂಗ್ ನುಸುಳಲು ನೋಡುತ್ತದೆ, ಬಿಡಬೇಡಿ. ನಮ್ಮ ಅತ್ತೆ ಮೊತ್ತಮೊದಲು ಬಾಯಿಬಿಟ್ಟು ಹೇಳಿದ ಇಂಗ್ಲಿಷ್ ವಾಕ್ಯ ಇದೇ. ಎವೆರಿ ಡೇ ಎನ್ನುವುದನ್ನು ಅವರು ಎಳೆದ ರೀತಿಯಲ್ಲಿ ಮದುವೆಯಾದ ದಿನದಿಂದ ಇಂದಿನವರೆಗಿನ ಲೆಕ್ಕವೆಲ್ಲ ಇತ್ತು.

ಉಚ್ಚಾರಣೆಯಲ್ಲಿ ಎರಡೇ ಸಂಗತಿಗಳಿಗೆ ನಾನು ಗಂಟು ಬೀಳುತ್ತೇನೆ. ಒಂದು, ಕೊನೆಯ ಉಕಾರ. ಕನ್ನಡದ ನಾಲಗೆಗೆ ವ್ಯಂಜನದ ಮೇಲೆ ನಿಲ್ಲುವುದು ಒಗ್ಗದು. ಪ್ಲೇಟು, ಸ್ಪೂನು, ಕಪ್ಪು ಎಂದು ಸ್ವರ ಹಚ್ಚಿಯೇ ಇಳಿಸುತ್ತದೆ. ಇದಕ್ಕೆ ಉಪದೇಶ ಮಾಡಿ ಪ್ರಯೋಜನವಿಲ್ಲ. ಲೋಟವನ್ನು ಕೈಯಲ್ಲಿ ಎತ್ತಿ ಹಿಡಿಯಿರಿ, ಕಪ್ ಎಂದು ತುಟಿ ಮುಚ್ಚಿ, ಲೋಟದ ತಳ ಕಲ್ಲಿಗೆ ತಾಗುವವರೆಗೆ ತುಟಿ ತೆರೆಯಬೇಡಿ. ಅಷ್ಟರಲ್ಲಿ ಉಕಾರಕ್ಕೆ ಉಸಿರೇ ಉಳಿದಿರುವುದಿಲ್ಲ. ಪ್ಲೇಟಿಗೂ ಹಾಗೆಯೇ, ನಾಲಗೆ ಮೇಲೆ ಅಂಟಿರಲಿ, ತಟ್ಟೆ ಕೆಳಗೆ ಕೂರಲಿ.

ಎರಡನೆಯದು ಭೂತಕಾಲದ ಬಾಲ. ಬರೆಯುವಾಗ ಎಲ್ಲದಕ್ಕೂ ಇ, ಡಿ, ಓದುವಾಗ ಹಾಗಲ್ಲ. ವಾಶ್, ವೈಪ್, ಸೋಕ್, ಸ್ಟ್ಯಾಕ್, ರಿನ್ಸ್ ಇವುಗಳ ಬಾಲ ಕಿವಿಗೆ ಟ್ ಎಂದು ಕೇಳುತ್ತದೆ: ವೈಪ್ಟ್, ಸೋಕ್ಟ್, ರಿನ್ಸ್ಟ್. ಮೇಲೆ ನಾನು ವಾಶ್ಡ್ ಎಂದು ಬರೆದದ್ದು ಕಣ್ಣಿನ ರೂಢಿಗೆ. ಬಾಯಲ್ಲಿ ಅದು ವಾಶ್ಟ್. ಸ್ಕ್ರಬ್, ಕ್ಲೀನ್, ಡ್ರೈ, ಫಿಲ್ ಇವಕ್ಕೆ ಡ್. ಲಿಫ್ಟ್, ಹೀಟ್, ಆ್ಯಡ್ ಹೀಗೆ ಟ, ಡಗಳಲ್ಲೇ ಮುಗಿಯುವವಕ್ಕೆ ಮಾತ್ರ ಇಡ್ ಸೇರಿ ಲಿಫ್ಟೆಡ್, ಹೀಟೆಡ್. ಹೈಸ್ಕೂಲಿನ ಹುಡುಗನಿಗೆ ಇದನ್ನು ಹೇಳಲು ನಾನು ಬಳಸಿದ್ದು ಅವನ ಕನ್ನಡ ವ್ಯಾಕರಣವನ್ನೇ. ಆದೇಶ ಸಂಧಿಯಲ್ಲಿ ಕ ತ ಪ ಇದ್ದಲ್ಲಿ ಗ ದ ಬ ಬರುತ್ತವೆ, ಮಳೆ ಮತ್ತು ಕಾಲ ಸೇರಿ ಮಳೆಗಾಲ ಎಂದು ಅವನು ಕಣ್ಣು ಮುಚ್ಚಿ ಹೇಳುತ್ತಾನೆ. ಅಲ್ಲಿ ಬೆಪ್ಪಾಗಿ ಕಲಿತ ಆ ಎರಡು ಸಾಲು ಇಲ್ಲಿ ಕೆಲಸಕ್ಕೆ ಬಂತು: ಪದ ಕ, ಪ, ಶ, ಸಗಳ ಬಿರುಸಿನಲ್ಲಿ ಮುಗಿದರೆ ಬಾಲವೂ ಬಿರುಸು, ಟ್; ಬ, ಗ, ನ, ಲಗಳ ಅಥವಾ ಸ್ವರದ ಗುನುಗಿನಲ್ಲಿ ಮುಗಿದರೆ ಬಾಲವೂ ಗುನುಗು, ಡ್. ಗಂಟಲ ಮೇಲೆ ಒದ್ದೆ ಬೆರಳಿಟ್ಟು ನೋಡಿದರೆ ಆ ಗುನುಗು ಬೆರಳಿಗೇ ತಗಲುತ್ತದೆ.

ಎ ಮತ್ತು ದ ಎಂಬ ಎರಡು ಚಿಕ್ಕ ಪದಗಳು ಕನ್ನಡದಲ್ಲಿ ಇಲ್ಲವಾದ್ದರಿಂದ ದೊಡ್ಡವರನ್ನೂ ಕಾಡುತ್ತವೆ. ರಾಶಿಯಲ್ಲಿ ಒಂದೇ ಅಚ್ಚಿನ ಸ್ಟೀಲ್ ತಟ್ಟೆಗಳಿವೆ, ಯಾವುದಾದರೂ ಆದೀತು ಎಂದಾಗ "ಗಿವ್ ಮಿ ಎ ಪ್ಲೇಟ್." ಹಿತ್ತಾಳೆಯ ಚೆಂಬು ಇರುವುದು ಒಂದೇ, "ಗಿವ್ ಮಿ ದ ಚೆಂಬು." ಇಷ್ಟನ್ನು ತೋರಿಸಿ ಮುಂದೆ ಹೋಗಿ. ನೀರಿಗೆ ಮಚ್, ತಟ್ಟೆಗೆ ಮೆನಿ ಎನ್ನುವುದೂ ಹೀಗೇ, ಎಣಿಸಿ ತೋರಿಸಿದರೆ ಮುಗಿಯಿತು. ಡಬ್ಲ್ಯೂ ಮತ್ತು ವಿ ಉಚ್ಚಾರದ ತಕರಾರನ್ನು ನಾನು ಈ ಹಂತದಲ್ಲಿ ಮುಟ್ಟುವುದೇ ಇಲ್ಲ.

ಏಕೆ ಮತ್ತು ಏಕೆಂದರೆ ಕಲಿಸಲು ನಮ್ಮ ಮನೆಗಳಷ್ಟು ಒಳ್ಳೆಯ ಪ್ರಯೋಗಶಾಲೆ ಇಲ್ಲ. ಹಲಸಿನ ಕಾಯಿ ಹೆಚ್ಚಿದ ದಿನ ಕತ್ತಿಗೆ ಮೇಣ ಮೆತ್ತಿರುತ್ತದೆ. ಹುಡುಗನಿಗೆ ನೀರು, ಸೋಪು, ನಾರು ಎಲ್ಲ ಕೊಟ್ಟು ಉಜ್ಜಲು ಬಿಟ್ಟೆ. ಮೇಣ ಕದಲಲಿಲ್ಲ, ನಾರಿಗೂ ಹತ್ತಿತು, ಬೆರಳಿಗೂ ಹತ್ತಿತು. "ಇಟ್ ಈಸ್ ಸ್ಟಿಕಿ" ಎಂದೆ. ಅವನಿಗೆ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಎರಡು ಬೆರಳು ಅಂಟಿಸಿ ಬಿಡಿಸಿ, ಸ್ಟಿಕಿ, ಸ್ಟಿಕಿ ಎಂದು ತಾನೇ ಹೇಳಿಕೊಂಡ. ಆಮೇಲೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಬಟ್ಟೆಯಲ್ಲಿ ಒರೆಸಿದಾಗ ಮೇಣ ಬಂತು. "ವಾಟರ್ ಡಸ್ ನಾಟ್ ರಿಮೂವ್ ಇಟ್. ಆಯಿಲ್ ರಿಮೂವ್ಸ್ ಇಟ್." ಡು ಎಲ್ಲಿ ಡಸ್ ಆಗುತ್ತದೆ, ರಿಮೂವ್‌ನ ಸಕಾರ ಎಲ್ಲಿ ಮಾಯವಾಗುತ್ತದೆ ಎಂಬುದು ಈ ಎರಡು ವಾಕ್ಯಗಳಲ್ಲೇ ಇದೆ. ಹಿತ್ತಾಳೆಗೆ ಹುಣಸೆಹಣ್ಣು ಏಕೆ? ಅದರ ಹುಳಿ ಲೋಹದ ಮೇಲಿನ ಕಪ್ಪು ಆಕ್ಸೈಡನ್ನು ಕರಗಿಸುತ್ತದೆ. ಜಿಡ್ಡಿಗೆ ಒಲೆಯ ಬೂದಿ ಏಕೆ? ಬೂದಿಯ ಕ್ಷಾರ ಎಣ್ಣೆಯೊಡನೆ ಕೂಡಿ ಒಂದು ಬಗೆಯ ಸಾಬೂನೇ ಆಗುತ್ತದೆ. ವೈ ಎಂದು ನೀವು ಕೇಳಿ, ಬಿಕಾಸ್ ಎಂದು ಅವರು ಶುರು ಮಾಡಲಿ. ಮುಂದಿನದು ಅರ್ಧ ಕನ್ನಡದಲ್ಲಿ ಬಂದರೂ ಚಿಂತೆಯಿಲ್ಲ.

ಮಾತು ಬರತೊಡಗಿದ ಮೇಲೆ ಜಾಗ ಬದಲಿಸಿ. ಆಜ್ಞೆ ಕೊಡುವುದು ಅವರು, ತೊಳೆಯುವುದು ನೀವು. ಇದು ಅತ್ಯಂತ ಲವಲವಿಕೆಯ ಪಾಠ. ನಮ್ಮಲ್ಲಿ ಪಕ್ಕದ ಮನೆಯ ಸೊಸೆಯ ಸರದಿ ಬಂದ ದಿನ ಅವಳ ಅತ್ತೆಯೂ ಮೊರದ ತುಂಬ ಏನನ್ನೋ ಹಿಡಿದುಕೊಂಡು ನೋಡಲು ಬಂದಿದ್ದರು. ಹುಡುಗಿ ಧೈರ್ಯ ಮಾಡಿ ಅವರಿಗೇ "ಟೇಕ್ ದ ತಪ್ಪಲೆ" ಎಂದಳು. ಅವರು ತೆಗೆದುಕೊಂಡರು, ತೊಳೆದರು, "ಚೆನ್ನಾಗಿ ಹೇಳುತ್ತೀಯ, ಕನ್ನಡದಲ್ಲಿ ಮಾತ್ರ ಹೀಗೆ ಹೇಳಬೇಡ" ಎಂದರು. ಆಜ್ಞೆಯ ಭಾಷೆಯೊಂದೇ ಸಾಲದು ಎಂಬುದು ಅಲ್ಲಿಗೆ ಎಲ್ಲರಿಗೂ ಗೊತ್ತಾಯಿತು. ಆ ದಿನವೇ "ಕುಡ್ ಯು ಪಾಸ್ ಮಿ", "ಶಲ್ ಐ ಡ್ರೈ ಇಟ್" ಕಲಿಸಿ. ಅಂಗಡಿಯಲ್ಲೋ ಹೋಂಸ್ಟೇಯಲ್ಲೋ ಕೆಲಸ ಮಾಡುವವರಿಗೆ ನಾಳೆ ಬೇಕಾಗುವುದು ಶಲ್ ಐ.

ಒಂದು ಮಾತಿನಲ್ಲಿ ನಾನು ರಾಜಿಯಾಗುವುದಿಲ್ಲ. ಕಲಿಸುವವರ ಕೈ ಒದ್ದೆಯಾಗಿರಬೇಕು. ಕುರ್ಚಿಯಲ್ಲಿ ಕುಳಿತು "ಸ್ಕ್ರಬ್, ರಿನ್ಸ್" ಎನ್ನುವವರು ಕಲಿಸುತ್ತಿಲ್ಲ, ಪುಕ್ಕಟೆಯಾಗಿ ಮುಸುರೆ ತಿಕ್ಕಿಸಿಕೊಳ್ಳುತ್ತಿದ್ದಾರೆ. ಮಕ್ಕಳಿಗಾದರೆ ಅವರ ಮನೆಯ ಪಾತ್ರೆ ಅವರ ಮನೆಯಲ್ಲೇ ಆಗಲಿ, ಇಲ್ಲವೇ ನಾಲ್ಕು ಲೋಟ, ಎರಡು ತಟ್ಟೆ ಪಾಠಕ್ಕೆಂದೇ ಇಟ್ಟುಕೊಳ್ಳಿ; ಉಳಿದ ರಾಶಿ ನಿಮ್ಮದು. ಸಂಬಳಕ್ಕೆ ಪಾತ್ರೆ ತೊಳೆಯಲು ಬರುವವರಿಗೆ ಕೆಲಸದ ನಡುವೆ ಪಾಠ ತುರುಕಬಾರದು. ಅವರಿಗೆ ಕಲಿಯುವ ಮನಸ್ಸಿದ್ದರೆ ಆ ಹೊತ್ತಿಗೂ ಕೂಲಿ ಸೇರಿಸಿ. ಮತ್ತು ಹುಡುಗರನ್ನು ಬಿಡಬೇಡಿ. ಗಂಡು ಹುಡುಗ ಮುಸುರೆ ಮುಟ್ಟಬಾರದು ಎನ್ನುವ ಮನೆಗಳು ಇನ್ನೂ ಇವೆ. ಇಂಗ್ಲಿಷ್ ಪಾಠ ಎಂದರೆ ಅಂಥ ಮನೆಯವರೂ ತುಟಿ ಪಿಟಕ್ಕೆನ್ನುವುದಿಲ್ಲ.

ಬರವಣಿಗೆ ಕಟ್ಟೆಯಲ್ಲಿ ಬೇಡ, ಕೈ ಒಣಗಿದ ಮೇಲೆ ಸಾಕು. ಆ ಹೊತ್ತಿನ ಕೆಲಸವನ್ನು ಫಸ್ಟ್, ದೆನ್, ಆಫ್ಟರ್ ದಟ್ ಹಚ್ಚಿ ನಾಲ್ಕೈದು ಸಾಲು ಬರೆಸಿ: ಮೊದಲು ಲೋಟ, ಆಮೇಲೆ ತಟ್ಟೆ, ಕೊನೆಗೆ ಎಣ್ಣೆಯ ಬಾಣಲೆ. ಜಿಡ್ಡಿನದು ಕೊನೆಗೆ ಬರುವುದು ಲೋಟಕ್ಕೆ ಜಿಡ್ಡು ಹತ್ತದಿರಲೆಂದು. ಈ ಕ್ರಮಕ್ಕೆ ಕಾರಣವಿರುವುದರಿಂದಲೇ ವಾಕ್ಯಗಳ ಕ್ರಮವೂ ತಪ್ಪುವುದಿಲ್ಲ. ಓದಲು ಪಾತ್ರೆ ಸೋಪಿನ ಹೊದಿಕೆ ಇಟ್ಟುಕೊಳ್ಳಿ. ಅದರ ಮೇಲಿನ ಸೂಚನೆಗಳೆಲ್ಲ ಅವರು ಈಗಾಗಲೇ ಕೈಯಿಂದ ಮಾಡಿದ ಆಜ್ಞೆಗಳೇ. ಹುಡುಗ ಅದನ್ನು ಯಾರ ಸಹಾಯವೂ ಇಲ್ಲದೆ ಓದಿ, ಇದರಲ್ಲಿ ಸೋಕ್ ಎಂದು ಬರೆದೇ ಇಲ್ಲವಲ್ಲ ಎಂದು ಕಂಪನಿಯ ಮೇಲೆ ತಪ್ಪು ಹೊರಿಸಿದ.

ಹಬ್ಬ, ಶ್ರಾದ್ಧಗಳ ದಿನ ಬಾಳೆ ಎಲೆ, ದೊಡ್ಡ ಊಟಕ್ಕೆ ಅಡಿಕೆ ಹಾಳೆಯ ತಟ್ಟೆ. ಅಂದು ತೊಳೆಯುವ ತಟ್ಟೆಗಳೇ ಇರುವುದಿಲ್ಲ, ಪಾಠಕ್ಕೂ ರಜೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಇದಕ್ಕೆ ಸರಿಯಾಗಿ ಉಲ್ಟಾ. ಕೊನೆಗಾರರು, ಸುಲಿಯುವವರು ಎಲ್ಲರ ಊಟದ ಪಾತ್ರೆ ಬೀಳುತ್ತದೆ, ಅಡಿಕೆ ಬೇಯಿಸಿದ ಹಂಡೆಗೆ ಚೊಗರು ಹತ್ತಿರುತ್ತದೆ. ಆಗ ಹೊಸ ಪಾಠ ತೆಗೆಯಬೇಡಿ, ಹಳೆಯದನ್ನೇ ವೇಗವಾಗಿ ಹೇಳಿಸಿ. ಮಳೆಗಾಲದಲ್ಲಿ ಅಬ್ಬಿಯ ಬಾಯಿಗೆ ಎಲೆ ಕಟ್ಟಿಕೊಂಡು ನೀರು ನಿಲ್ಲುತ್ತದೆ. "ದ ವಾಟರ್ ಈಸ್ ನಾಟ್ ಕಮಿಂಗ್, ದ ಪೈಪ್ ಈಸ್ ಬ್ಲಾಕ್ಡ್" ಎಂದು ಹೇಳಿಸಿಯೇ ಹುಡುಗನನ್ನು ಗುಡ್ಡಕ್ಕೆ ಕಳುಹಿಸಿ, ಜೊತೆಗೆ ಒಬ್ಬ ದೊಡ್ಡವರು ಇರಲಿ, ಕಾಲಿಗೆ ಉಂಬಳ (ಜಿಗಣೆ) ಹತ್ತದಂತೆ ಸುಣ್ಣವೋ ಹೊಗೆಸೊಪ್ಪೋ ಹಚ್ಚಿಕೊಂಡಿರಲಿ.

ಪಾತ್ರೆಯ ಮಾತು ಬಾಯಿಗೆ ಹತ್ತಿ, ಕೇಳುವವರಿಗೂ ಬೇಸರ ಬರತೊಡಗಿತು ಎನ್ನಿಸಿದಾಗ ಬಟ್ಟೆ ಒಗೆಯುವ ಕಲ್ಲಿಗೆ ದಾಟಿ. ಸೋಕ್, ಸ್ಕ್ರಬ್, ರಿನ್ಸ್, ಡ್ರೈ ನಿಮ್ಮ ಜೊತೆಗೇ ಬರುತ್ತವೆ. ಹೊಸದಾಗಿ ಬೇಕಾಗುವುದು ಹಿಂಡುವುದಕ್ಕೆ ರಿಂಗ್, ಒದರುವುದಕ್ಕೆ ಶೇಕ್, ಹರವುವುದಕ್ಕೆ ಹ್ಯಾಂಗ್, ಮಡಚುವುದಕ್ಕೆ ಫೋಲ್ಡ್. ಇವುಗಳಲ್ಲಿ ಮೂರರ ಭೂತಕಾಲಕ್ಕೆ ಬಾಲವಿಲ್ಲ, ರಂಗ್, ಶುಕ್, ಹಂಗ್ ಎಂದು ಒಳಗಿನ ಸ್ವರವೇ ಬದಲಾಗುತ್ತದೆ; ಆದ್ದರಿಂದ ಟ್ ಮತ್ತು ಡ್ ಬಾಲ ಗಟ್ಟಿಯಾಗುವವರೆಗೆ ಕಲ್ಲಿನ ಹತ್ತಿರ ಹೋಗಬೇಡಿ.